ಬಚ್ಚಲದಿಂದ ದೇವರ ಮನಿತನಕ

ನಮ್ಮ ಮನಿಗೆ ಮೊದಲ ಸಲ ಬಂದವರು ಒಳಗ ಕಾಲಿಟ್ಟ ಕೂಡಲೆ ನೆಲ ನೋಡ್ತಾರ. ಮಲ್ಕಾಜ್‌ಗಿರಿಯೊಳಗ ಈಗ ಯಾರ ಮನಿಗೆ ಹೋದ್ರೂ ಮಾರಿ ಕಾಣೂವಂಥ ಟೈಲ್ಸು. ನಮ್ಮಲ್ಲೆ ಮಾತ್ರ ಹಳೇ ಶಹಾಬಾದ ಫರ್ಸಿ, ಬೂದಿಬಣ್ಣದ ದಪ್ಪ ಕಲ್ಲು. ಯಾರು ಹಾಕಿದ್ರಿ, ಭಾಳ ಛಲೋ ಕೂಡಿಸ್ಯಾರ ಅಂತ ಕೇಳ್ತಾರ. ನಾವ ಹಾಕೀವಿ ಅಂತೀನಿ. ನಂಬೂದಿಲ್ಲ. ನಂಬದಿದ್ರ ಬಿಡ್ರಿ, ಚಹಾ ಕುಡೀರಿ ಅಂತ ಹೇಳಿ ಒಳಗ ಹೋಗಿಬಿಡ್ತೀನಿ. ಯಾಕಂದ್ರ ಆ ಕಥಿ ಶುರು ಮಾಡಿದ್ರ ನನಗ ನಮ್ಮ ಅತ್ತಿಯವರು ನೆನಪಾಗ್ತಾರ, ಮತ್ತ ಬಂದವರ ಮುಂದ ಕೂತು ಅಳೂದು ನನಗ ಸೇರೂದಿಲ್ಲ.

ಮಾವನವರು ಸರಕಾರಿ ನೌಕರಿ ಮ್ಯಾಲೆ ಕಲಬುರ್ಗಿಯಿಂದ ಇಲ್ಲಿಗೆ ಬಂದು ಕಟ್ಟಿಸಿದ ಮನಿ ಇದು. ಕಲ್ಲು ಸುದ್ದಾ ಆ ಕಡೆಯಿಂದನ ಲಾರಿ ಮ್ಯಾಲೆ ತರಿಸಿದ್ರಂತ. ನಾ ಸೊಸಿಯಾಗಿ ಬರೂದ್ರೊಳಗ ಅವರು ತೀರಿಕೊಂಡಿದ್ರು. ಅತ್ತಿಯವರು ಇದ್ರು. ಉದ್ದಕ, ತೆಳ್ಳಗ, ಮಾತು ಮಾತ್ರ ಹಸಿಮೆಣಸಿನಕಾಯಿ. ಕಾಯಿಪಲ್ಲೆಯವಳ ಕೂಡ ತೆಲುಗಿನ್ಯಾಗ ಜಗಳಾಡೋರು, ಆಟೋದವನ ಕೂಡ ಹಿಂದಿಯೊಳಗ, ಒಳಗ ಬಂದು ನಮ್ಮನ್ನ ಕನ್ನಡದಾಗ ಬೈಯೋರು. ಮೂರೂ ಭಾಷೆಯೊಳಗ ಅವರು ಸೋತದ್ದು ನಾ ನೋಡಿಲ್ಲ.

ನಸುಕಿನ್ಯಾಗ ಎದ್ದು, ಹಿಂದಿನ ಬಚ್ಚಲಮನ್ಯಾಗ ಸ್ನಾನ ಮಾಡಿ, ಅಲ್ಲೆ ಗಳದ ಮ್ಯಾಲೆ ಹರವಿದ್ದ ಮಡಿ ಸೀರಿ ಉಟ್ಟು, ಸೀದಾ ದೇವರ ಮನಿಗೆ ಹೋಗೋರು. ಪೂಜಿ ಮುಗದು ನೈವೇದ್ಯ ಆಗೂತನಕ ಅವರನ್ನ ಯಾರೂ ಮುಟ್ಟೂ ಹಂಗಿಲ್ಲ. ಹೆತ್ತ ಮಗ ಆದ್ರೂ ಅಷ್ಟ, ಸೊಸಿ ಆದ್ರೂ ಅಷ್ಟ. "ದೂರ ಸರಿ, ಮಡಿ ಅದ" ಅನ್ನೂದ ನಮ್ಮ ಮನಿ ಸುಪ್ರಭಾತ. ನನ್ನ ತಾಯಿ ನಾ ಭಾಳ ಸಣ್ಣಾಕಿ ಇದ್ದಾಗ ಹೋಗಿದ್ಲು. ಮದಿವಿಯಾಗಿ ಬರೋ ಮುಂದ ನನಗೊಂದು ಹುಚ್ಚು ಆಸೆ ಇತ್ತು, ಅತ್ತಿ ಅಂಬಾಕಿ ಒಂದಿನ ನನ್ನ ತಲಿ ಮ್ಯಾಲೆ ಕೈ ಆಡಸ್ತಾಳ ಅಂತ. ಹಂಗೇನೂ ಆಗಲಿಲ್ಲ. ಬಿಸಿ ಭಕ್ರಿ ಮ್ಯಾಲೆ ಬೆಣ್ಣಿ ಹಾಕಿ ನನ್ನ ತಾಟಿನ್ಯಾಗ ನೂಕೋರು, ಜ್ವರ ಬಂದ್ರ ಗಂಜಿ ಕಾಸಿ ಕೊಡೋರು, ಆದ್ರ ಕೈ ಹಚ್ಚತಿದ್ದಿಲ್ಲ. ಪೂಜಿ ಆದ ಮ್ಯಾಲೆ ಮುಟ್ಟಬಹುದಿತ್ತಲ್ಲ ಅಂತ ನೀವು ಕೇಳಬಹುದು. ರೂಢಿ ಇರಲಿಲ್ಲ, ಅಷ್ಟ.

ಅವರಿಗೆ ಕಣ್ಣು ಕಾಣಸೂದು ಕಡಿಮಿ ಆದದ್ದು ಯಾವಾಗ ಅಂತ ನಮಗ್ಯಾರಿಗೂ ಸರಿಯಾಗಿ ಗೊತ್ತಿಲ್ಲ. ಡಾಕ್ಟರು ಹೋದ ದೃಷ್ಟಿ ತಿರುಗಿ ಬರೂದಿಲ್ಲ ಅಂತ ನಮ್ಮ ಮನಿಯವರನ್ನ, ಅಂದ್ರ ನನ್ನ ಗಂಡನ್ನ, ಬಾಜೂಕ ಕರದು ಹೇಳಿದ್ರು. ಅತ್ತಿಯವರು ಅವತ್ತ ಮನಿಗೆ ಬಂದು ಏನೂ ಆಗೇ ಇಲ್ಲ ಅನ್ನೂವಂಗ ಪೇಪರ್ ಹಿಡಕೊಂಡು ಕೂತರು. ಮರುದಿನಾನೂ ಕೂತರು. ಬಂದವರ ಸೆರಗು ಹಿಡದು ನೋಡಿ, "ಸೀರಿ ಭಾಳ ಛಲೋ ಅದವಾ, ಬಣ್ಣ ನಿನಗ ಒಪ್ಪತದ" ಅನ್ನೋರು. ಹೆಣ್ಣುಮಕ್ಕಳು ಹಿಗ್ಗಿ ಹೀರೀಕಾಯಿ ಆಗಿ ಹೋಗೋರು. ಮನ್ಯಾಗ ಯಾರೂ ಆ ಮಾತು ಎತ್ತಲಿಲ್ಲ. ಅವರು ಕಾಣಸ್ತದ ಅಂತ ನಡಕೊಂಡ್ರು, ನಾವು ಹೌದು ಅವರಿಗೆ ಕಾಣಸ್ತದ ಅಂತ ನಡಕೊಂಡ್ವಿ. ನಮ್ಮ ಮಂದಿಗೆ ಮರ್ಯಾದೆ ಅಂದ್ರ ಇದ.

ಹಂಗಿದ್ರೂ ಅವರು ಯಾರ ಆಸರೆನೂ ಇಲ್ಲದ ಬಚ್ಚಲದಿಂದ ದೇವರ ಮನಿತನಕ ಹ್ಯಾಂಗ ನಡೀತಾರ ಅಂತ ನನಗ ಸೋಜಿಗ. ಗ್ವಾಡಿ ಹಿಡೀತಿದ್ದಿಲ್ಲ, ಗ್ವಾಡಿ ಹಿಡಕೊಂಡು ನಡೀಯೂದು ಮುದುಕಿಯರ ಲಕ್ಷಣ ಅಂತಿದ್ರು. ಒಂದಿನ ನಾ ಬಚ್ಚಲ ಬಾಗಲ ಹತ್ರ ಕಾಲು ಒರಸಲಿಕ್ಕಂತ ಒಂದು ಚಾಪಿ ಹಾಸಿದೆ. ಅತ್ತಿಯವರು ಅದರ ಮ್ಯಾಲೆ ಕಾಲಿಟ್ಟವರು ಅಲ್ಲೇ ನಿಂತುಬಿಟ್ರು. ಆ ಕಡೆ ಈ ಕಡೆ ತಿರುಗಿದ್ರು. ಕಡೀಕೆ ಕಾಲ ಬೆರಳಿಂದ ಚಾಪಿ ಅಂಚು ಸರಿಸಿ, ಕೆಳಗಿನ ಕಲ್ಲು ಮುಟ್ಟಿ, ಆಮ್ಯಾಲೆ ಸರಸರ ನಡದು ಹೋದ್ರು. ಆವಾಗ ನನಗ ತಿಳೀತು. ಅವರು ಕಾಲಿಂದ ನೋಡ್ತಾರ. ಬಚ್ಚಲ ಬಾಗಲದಾಗ ಒರಟ ಕಲ್ಲು, ಅದರ ಮುಂದ ಟಕ್ ಅಂತ ಅಲ್ಲಾಡೋ ಕಲ್ಲು, ಸೀಳು ಬಿಟ್ಟ ಕಲ್ಲು ಸಿಕ್ಕ ಕೂಡಲೆ ಬಲಕ್ಕ ಹೊರಳಬೇಕು, ನಡುವ ತಗ್ಗಾದದ್ದು ಬಂದ್ರ ಅಡಗಿಮನಿ, ಕಾಲು ಜಾರೂವಷ್ಟು ನುಣುಪು ಬಂದ್ರ ದೇವರ ಮುಂದ ಬಂದಂಗ. ಮಾವನವರ ಕಾಲದಿಂದ ಸವೆದ ನೆಲ ಅದು. ನಾ ಚಾಪಿ ತಗದು ಅಟ್ಟದ ಮ್ಯಾಲೆ ಒಗದೆ.

ತೆಲಂಗಾಣ ಬ್ಯಾರೆ ರಾಜ್ಯ ಆಗಿ ಭಾಳ ದಿನ ಆಗಿರಲಿಲ್ಲ, ಆ ಮಳಿಗಾಲದಾಗ ನೆಲದ ಕೆಳಗಿನ ಹಳೇ ಪೈಪು ಒಡೀತು. ಕಲ್ಲಿನ ಸಂದಿಯೊಳಗಿಂದ ನೀರು ಜಿನುಗಲಿಕ್ಕೆ ಹತ್ತಿತು. ಅಡಗಿಮನಿ ಎಲ್ಲಾ ವಾಸನಿ. ಗುತ್ತಿಗೆದಾರ ಒಬ್ಬಾಂವ ಬಂದು ನೋಡಿ, ಇದನ್ನೆಲ್ಲಾ ಒಡದು ತಗದು ಟೈಲ್ಸ್ ಹಾಕಿಬಿಡೂಣು, ಲಗೂನ ಮುಗೀತದ ಅಂದ. ನಮ್ಮ ಮನಿಯವರು ಇವೇ ಕಲ್ಲು, ಇದ್ದ ಜಾಗದಾಗ, ಇದ್ದಂಗ ಹಾಕಬೇಕು ಅಂದ್ರು. ಅಂವಾ ನಕ್ಕ. ಇವರು ಅವನಿಗೆ ನಮಸ್ಕಾರ ಹೇಳಿ ಬಾಗಲ ತೋರಿಸಿದ್ರು. ಆ ಸಂಜಿ ನನಗ ಹೇಳಿದ್ರು, "ಈ ನೆಲ ಹೋದ್ರ ಅವ್ವ ಯಾರದರ ಕೈ ಹಿಡೀಬೇಕು, ಅವ್ವನ ಮಡಿ ಹೋತು. ಮಡಿ ಹೋದ್ರ ಅವ್ವನ ಪೂಜಿ ಹೋತು. ನಾವ ಮಾಡೂಣು." ಅಷ್ಟು ಮಾತು ಒಮ್ಮೆಗೆ ಆಡೂ ಮನಷಾ ಅಲ್ಲ ಅವರು.

ನಾವ ಅಂದ್ರ ಯಾರು? ಇವರು ರೇಲ್ವೆಯೊಳಗ ಹಳಿ ನೋಡಿಕೊಳ್ಳೂ ಖಾತೆಯವರು. ಅವರ ಜೋಡಿ ಕೆಲಸ ಮಾಡೋ ವರಂಗಲ್ ಕಡೆಯ ದೋಸ್ತ ಒಬ್ಬಾಂವ, ತೆಲುಗು ಮಾತಾಡೋ ದಾಂಡಿಗ, ಕಲ್ಲು ಎಬ್ಬಸೂ ಹಾರಿ ಹಿಡದು ಹಾಜರಾದ. ನನ್ನ ನಾದಿನಿ ಗಂಡ ನಾಚಾರಂದಾಗ ಪೈಪಿನ ಕಾರ್ಖಾನ್ಯಾಗ ಕೆಲಸಕ್ಕಿದ್ದ, ಪೈಪಿನ ಜವಾಬ್ದಾರಿ ತನ್ನದು ಅಂದ. ನಾದಿನಿ ಬಂದ್ಲು, ಬಂದ ಕೂಡಲೆ ಎಲ್ಲಾರ ಮ್ಯಾಲೂ ಸಾಹೇಬಕಿ ನಡಸಲಿಕ್ಕೆ ಶುರು ಮಾಡಿದ್ಲು. ಮ್ಯಾಲಿನ ಖೋಲಿಯೊಳಗ ಬಾಡಿಗಿಗಿದ್ದ ಮೈಸೂರಿನ ಹುಡುಗಿ, ಮಾದಾಪುರದಾಗ ಕಂಪ್ಯೂಟರಿನ ಕೆಲಸ ಮಾಡಾಕಿ, ರವಿವಾರ ಆಕಿನೂ ದುಪಟ್ಟಾ ಸೊಂಟಕ್ಕ ಕಟ್ಟಿಕೊಂಡು ಇಳಿದು ಬರ್ತಿದ್ಲು. "ನಾನೂ ಮಣ್ಣು ಹೊರ್ತೀನಿ ಆಂಟಿ" ಅಂತಿದ್ಲು. ಆಕಿ ಮಾತು ಕೇಳಿ ಅತ್ತಿಯವರು, ಈ ಹುಡುಗಿ ಕನ್ನಡ ಮಾತಾಡಿದ್ರ ರೇಡಿಯೋ ಹಚ್ಚಿದಂಗ ಆಗ್ತದ ಅಂತ ನಗತಿದ್ರು.

ಅತ್ತಿಯವರನ್ನ ಮುಂದಿನ ಖೋಲಿಯೊಳಗ ಇಟ್ವಿ. ಅಲ್ಲೆ ಸಿಮೆಂಟಿನ ನೆಲ, ಅದನ್ನ ಮುಟ್ಟೂ ಕೆಲಸ ಇರಲಿಲ್ಲ. ದೇವರನ್ನೂ ಅಲ್ಲೇ ಗ್ವಾಡಿಯೊಳಗಿನ ಮಾಡದಾಗ ಕೂಡಿಸಿದ್ವಿ. ಬಾಗಲ ಬಾಜೂಕ ಮೆಟ್ಟಲ ಕೆಳಗ ಒಂದು ಸಣ್ಣ ಬಚ್ಚಲ ಇತ್ತು, ಅವರ ಸ್ನಾನ ಪೂಜಿ ಎಲ್ಲಾ ಅಷ್ಟರೊಳಗ ನಡೀತು. ಅವರಿಗೆ ಹೇಳಿದ್ದು ಇಷ್ಟ: ಪೈಪು ಬದಲಿ ಮಾಡಿ ಹಳೇ ಫರ್ಸೀನ ಹಾಕ್ತೀವಿ. "ಹೂಂ, ಅವರು ತರಿಸಿದ್ದಲಾ" ಅಂದ್ರು. ಮಾರಿ ಅರಳಿತು. ಯಾಕ ಅದೇ ಕಲ್ಲು ಅದೇ ಜಾಗಕ್ಕ ಬರಬೇಕು ಅನ್ನೂದನ್ನ ನಾವೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಕಲ್ಲು ಎಬ್ಬಸೂ ಮೊದಲು ನಮ್ಮ ಮನಿಯವರು ಮೊಣಕಾಲ ಮ್ಯಾಲೆ ಕೂತು ಪ್ರತಿಯೊಂದರ ಮ್ಯಾಲೂ ಚಾಕ್‌ಪೀಸಿನಿಂದ ನಂಬರ್ ಬರದ್ರು. ಯಾವ ಕಡೆ ತಲಿ, ಯಾವ ಕಡೆ ಕಾಲು ಅಂತ ತಿಳೀಲಿಕ್ಕೆ ಒಂದೊಂದು ಬಾಣ. ರೇಲ್ವೆಯವರಿಗೆ ಕಂಬ ಕಂಡ್ರ ನಂಬರ್, ಸೇತುವೆ ಕಂಡ್ರ ನಂಬರ್. ನಾದಿನಿ ಎಣ್ಣಿ ಬಣ್ಣದಿಂದ ಬರಿ ಅಂತ ಹೇಳಿದ್ಲು. ಎಣ್ಣಿ ಕಲ್ಲಿನೊಳಗ ಇಳೀತದ, ಕಲೆ ಹೋಗೂದಿಲ್ಲ ಅಂತ ಇವರು ಒಪ್ಪಲಿಲ್ಲ. ಅಲ್ಲಾಡೋ ಕಲ್ಲಿಗೆ ನಂಬರಿನ ಜೋಡಿ ಒಂದು ಗುಂಡು ಗುರುತು ಹಾಕಿದ್ರು, ಇದು ಮುಂದೂ ಅಲ್ಲಾಡಬೇಕು ಅಂತ. ದೋಸ್ತ ಹಣಿ ಬಡಕೊಂಡ. ಜೀವಮಾನ ಎಲ್ಲಾ ಹಳಿ ಅಲ್ಲಾಡಬಾರದು ಅಂತ ದುಡದೀವಿ, ಈಗ ಕಲ್ಲು ಅಲ್ಲಾಡಬೇಕು ಅಂತೀಯಲ್ಲೋ ಅಂತ ತೆಲುಗಿನ್ಯಾಗ ಬೈದ. ಇವರು ಮುಂದಿನ ಖೋಲಿ ಕಡೆ ಕಣ್ಣು ಮಾಡಿ ತೋರಿಸಿದ್ರು. ಅಂವಾ ಹಾರಿ ಎತ್ತಿಕೊಂಡ.

ಆ ರವಿವಾರಗಳು ನನಗ ಈಗೂ ಬರೋಬ್ಬರಿ ನೆನಪದಾವ. ಗಂಡಸರು ಕಲ್ಲು ಎಬ್ಬಸಿ, ಮಳಿಗೆ ನಂಬರು ಅಳೀಬಾರದಂತ ಅಂಗಳದಾಗ ತಗಡಿನ ಕೆಳಗ ಕಂಪೌಂಡಿಗೆ ಆನಿಸಿ ನಿಲ್ಲಸೋರು. ನಾವು ಬುಟ್ಟಿ ತುಂಬಿ ಮಣ್ಣು ಹೊರೋರು. ಅಲ್ಲೇ ಬಾಜೂಕ ಗ್ಯಾಸ್ ಒಲಿ ಇಟಗೊಂಡು ನಾನೂ ನಾದಿನಿನೂ ಭಕ್ರಿ ಬಡಿಯೋರು. ಪುಂಡಿಪಲ್ಲೆ ಮಾಡಿದ ದಿನ ದೋಸ್ತ ಇದು ಗೋಂಗೂರ, ತೆಲುಗು ಮಂದೀದು ಅನ್ನೋನು. ಅತ್ತಿಯವರು ಪುಂಡಿ ನಮ್ಮದು, ನೀವು ಹೆಸರು ಬದಲಿ ಮಾಡಿ ಒಯ್ದೀರಿ ಅನ್ನೋರು. ಜಗಳ ಬಗೀಹರೀತಿದ್ದಿಲ್ಲ, ಬೋಗಣಿ ಖಾಲಿ ಆಗ್ತಿತ್ತು. ಅತ್ತಿಯವರು ಪೂಜಿ ಮುಗಿಸಿ ಕುರ್ಚಿ ಹಾಕ್ಕೊಂಡು ಅಂಗಳದಾಗ ಕೂತು, ಕಾಣಸೂವಂಗ ಎಲ್ಲಾರಿಗೂ ಅಪ್ಪಣಿ ಕೊಡ್ತಿದ್ರು. ಆ ಬುಟ್ಟಿ ಅಲ್ಲ, ಈ ಬುಟ್ಟಿ. ಮಣ್ಣು ಅಲ್ಲೆ ಯಾಕ ಚೆಲ್ಲಿದಿ. ಸಪ್ಪಳ ಕೇಳೇ ಹೇಳ್ತಿದ್ರು, ಮತ್ತ ಬರೋಬ್ಬರಿ ಹೇಳ್ತಿದ್ರು. ಈಗ ದೋಸ್ತ ಕಾಜೀಪೇಟಕ್ಕ ಬದಲಿಯಾಗಿ ಅಲ್ಲೇ ಉಳದಾನ. ನಾದಿನಿಯವರು ಪುಣೆಯೊಳಗ. ಮೈಸೂರು ಹುಡುಗಿ ಮದಿವಿಯಾಗಿ ಹೋದ್ಲು. ಅಂಗಳದಾಗ ಈಗ ಸ್ಕೂಟರ್ ನಿಲ್ತದ.

ನನ್ನದೂ ಒಂದು ಬೇಡಿಕೆ ಇತ್ತು. ಬಚ್ಚಲದ ಓಣಿಗೂ ಅಡಗಿಮನಿಗೂ ನಡುವ ಒಂದು ಅಡ್ಡಗ್ವಾಡಿ ಇತ್ತು, ಅದರಿಂದಾಗಿ ಅಡಗಿಮನ್ಯಾಗ ಹಗಲೊತ್ತಿನ್ಯಾಗೂ ದೀಪ ಹಚ್ಚಬೇಕಾಗ್ತಿತ್ತು. ಹ್ಯಾಂಗೂ ಕೆದರೀರಿ, ಅದನ್ನೂ ತಗೀರಿ ಅಂದೆ. ತಗದ್ರು. ಬೆಳಕು ದೇವರ ಮನಿತನಕ ಬಿದ್ದಿತು. ಬಚ್ಚಲದ ಬಾಗಲದಾಗ ನಿಂತ್ರ ದೇವರ ಮನಿ ಕಾಣೂವಂಗ ಆತು. ಎಲ್ಲಾರೂ ಮನಿ ದೊಡ್ಡದಾತು ಅಂದ್ರು. ನೆಲ ಅದೇ ಇರ್ತದಲ್ಲ, ಅತ್ತಿಯವರಿಗೆ ಗ್ವಾಡಿ ಯಾಕ ಬೇಕು ಅಂತ ನಾವು ತಿಳಕೊಂಡಿದ್ವಿ.

ಪೈಪು ಕೂತಿತು. ಉಸುಕು ತುಂಬಿ ನೀರು ಹೊಡದು ಧಮ್ಮಸ್ ಬಡದು ಆತು. ನಾಳೆಯಿಂದ ಕಲ್ಲು ಕೂಡಸೂದು ಅಂತ ಗೊತ್ತಾತು. ಅವತ್ತ ಮಧ್ಯಾಹ್ನ ಗಂಡಸರು ಸಿಮೆಂಟು ತರಲಿಕ್ಕೆ ಹೋಗಿದ್ರು, ನಾನೂ ನಾದಿನಿನೂ ಸಂತಿಗೆ ಹೋಗಿದ್ವಿ. ತಿರುಗಿ ಬಂದು ಗೇಟು ತಗದ್ರ ಅಂಗಳ ತುಂಬ ನೀರು. ಅತ್ತಿಯವರು ಸೀರಿ ಮ್ಯಾಲೆ ಕಟ್ಟಿ, ಒಂದು ಕೈಯಾಗ ನಳದ ಪೈಪು, ಒಂದು ಕೈಯಾಗ ತೆಂಗಿನ ನಾರು ಹಿಡದು ನಿಂತಿದ್ರು. ಕಂಪೌಂಡಿಗೆ ಆನಿಸಿದ ಕಲ್ಲು ಒಂದೊಂದನ್ನೂ ತಿಕ್ಕಿ ತಿಕ್ಕಿ ತೊಳದಿದ್ರು. ಕಡೀ ಕಲ್ಲಿನಿಂದ ಬೆಳ್ಳಗ ನೀರು ಇಳದು ಗಟಾರಕ್ಕ ಹೊಂಟಿತ್ತು.

ನಾದಿನಿ ಕೈಯಾಗಿನ ಚೀಲ ಕೆಳಗ ಬಿತ್ತು. ಅತ್ತಿಯವರಿಗೆ ನಾವು ಬಂದ ಸಪ್ಪಳ ಕೇಳಿತು, ಮಾರಿ ಎತ್ತಿದ್ರು. ಅಂಥಾ ಖುಷಿ ಅವರ ಮಾರಿ ಮ್ಯಾಲೆ ನಾ ನೋಡಿದ್ದು ಕಡಿಮಿ. ದೇವರ ಮನಿಗೆ ಹೋಗೂ ಕಲ್ಲು ಇವು, ಎಲ್ಲಾರೂ ಚಪ್ಪಲಿ ಮೆಟ್ಟಿಕೊಂಡು ದಾಟ್ಯಾರ, ನಾಯಿ ಅಡ್ಡಾಡ್ಯಾವ, ತೊಳೀದ ಹಂಗ ಹ್ಯಾಂಗ ಒಳಗ ಒಯ್ತೀರಿ ಅಂತ ನಮ್ಮನ್ನ ಬೈದ್ರು. ನಿಮಗಂತೂ ಮಡಿ ಮೈಲಗಿ ಒಂದೂ ಗೊತ್ತಿಲ್ಲ ಅಂದ್ರು. ಅವರ ಬೆನ್ನು ನೋಯ್ತಿತ್ತು, ಸೊಂಟದ ಮ್ಯಾಲೆ ಕೈ ಇಟಗೊಂಡು ನಿಂತಿದ್ರು. ಅವರ ಸಲುವಾಗಿ ಬರದ ನಂಬರು ಅವರಿಗೇ ಕಾಣಸಿರಲಿಲ್ಲ. ನಾವು ಯಾರೂ ಹೇಳಿರಲಿಲ್ಲ.

ಗಂಡಸರು ಬಂದ್ರು. ನಮ್ಮ ಮನಿಯವರು ಕಲ್ಲು ನೋಡಿದ್ರು, ಅವ್ವನ್ನ ನೋಡಿದ್ರು. "ಛಲೋ ಮಾಡಿದಿ, ಅವ್ವಾ" ಅಂದ್ರು. ಹಿತ್ತಲಿಗೆ ಹೋಗಿ ಉಸುಕಿನ ಗುಡ್ಡಿ ಮ್ಯಾಲೆ ಕೂತುಬಿಟ್ರು. ನಾ ಹಿಂದ ಹೋದೆ. ದೋಸ್ತನೂ ಬಂದ. ಅಮ್ಮನ್ನ ಕೇಳಿಬಿಡು, ಒಂದೊಂದು ಕಲ್ಲಿನ ಮ್ಯಾಲೆ ಕಾಲಿಡ್ಲಿ, ಯಾವುದು ಎಲ್ಲೀದು ಅಂತ ಆಕಿನ ಹೇಳ್ತಾಳ ಅಂದ. ಸರಳ ಮಾತು. ನನಗೂ ಹಂಗ ಅನಿಸಿತ್ತು. ಇವರು ತಲಿ ಅಲ್ಲಾಡಿಸಿದ್ರು. "ಹ್ಯಾಂಗ ಕೇಳ್ಲಿ? ಕೇಳಿದ್ರ, ನಿನಗ ಕಾಣಸೂದಿಲ್ಲ ಅಂತ ನಮಗೆಲ್ಲಾ ಗೊತ್ತದ ಅಂತ ಹೇಳಿದಂಗ ಆಗ್ತದ. ಮ್ಯಾಲೆ ನಂಬರು ತೊಳದಾಕಿ ನೀನ ಅಂತನೂ ಹೇಳಬೇಕಾಗ್ತದ. ಆಕಿ ತಡಕೋತಾಳೇನು?" ನನಗ ಭಾಳ ಸಿಟ್ಟು ಬಂತು. ಈ ಮನಿ ಮಂದಿ ಮಾತಾಡದ ಸಾಯ್ತಾರ ಅಂತ ಅನಿಸ್ತು. ಆದ್ರ ಹೆತ್ತ ಮಕ್ಕಳು ಆಡದ ಮಾತು ನಾ ಹ್ಯಾಂಗ ಆಡ್ಲಿ.

ಮೊಬೈಲಿನ್ಯಾಗ ಹುಡುಕಿದ್ವಿ. ಈ ಮನ್ಯಾಗ ತಗದ ಫೋಟೋ ಒಂದೇನು ಎರಡೇನು. ಹಬ್ಬ, ಆರತಿ, ಊಟದ ಪಂಕ್ತಿ. ಎಲ್ಲಾದರಾಗೂ ಮಂದಿ ಕಾಣ್ತಾರ, ತಾಟು ಕಾಣ್ತಾವ, ರಂಗೋಲಿ ಕಾಣ್ತದ, ಕಲ್ಲು ಯಾರಿಗೆ ಬೇಕಾಗಿತ್ತು. ಮೈಸೂರು ಹುಡುಗಿ ಆಫೀಸಿನಿಂದ ಬಂದು ವಿಷಯ ಕೇಳಿ ಅಳಲಿಕ್ಕೇ ಹತ್ತಿದ್ಲು. ಕೆಲಸ ಶುರುವಾದ ದಿನ ಒಂದು ಫೋಟೋ ತಗೀಬೇಕು ಅಂದ್ಕೊಂಡಿದ್ದೆ ಆಂಟಿ, ಮರ್ತುಬಿಟ್ಟೆ ಅಂದ್ಲು.

ಮರುದಿನ ನಾವ ನಮ್ಮ ಕಾಲು ಪರೀಕ್ಷೆ ಮಾಡಿದ್ವಿ. ಕಲ್ಲನ್ನ ಉಸುಕಿನ ಮ್ಯಾಲೆ ಸುಮ್ನ ಹರವಿ, ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿಕೊಂಡು ಒಬ್ಬೊಬ್ಬರ ನಡೀಯೂದು. ಅತ್ತಿಯವರನ್ನ ಮುಂದ ಪಕ್ಕದ ಮನಿಯವರ ಕೂಡ ಮಾತಿಗೆ ಕೂಡಿಸಿದ್ವಿ. ನಾದಿನಿ ಈ ಸೀಳಿನ ಮ್ಯಾಲೆ ನಾ ಕುಂಟಬಿಲ್ಲೆ ಆಡೀನಿ, ಇದು ಕಿಡಕಿ ಹತ್ರ ಇತ್ತು ಅಂದ್ಲು. ನಮ್ಮ ಮನಿಯವರು ಅಲ್ಲ, ಬಾಗಲ ಹತ್ರ ಅಂದ್ರು. ಅಣ್ಣ ತಂಗಿ ಸಣ್ಣ ಹುಡುಗರಗತೆ ಕಿತ್ತಾಡಿದ್ರು. ಒರಟ ಕಲ್ಲು ಸಿಕ್ಕಿತು, ನುಣುಪಾಂದೂ ಸಿಕ್ಕಿತು. ನಡುವಿನವು ಹೌದೋ ಅಲ್ಲೋ ಅನ್ನೂವಂಗ. ಅಷ್ಟು ವರ್ಷ ನಾ ಆ ನೆಲ ಸಾರಿಸಿ ಒರಸೀನಿ, ನನ್ನ ಕಾಲಿಗೆ ಏನೂ ನೆನಪಿರಲಿಲ್ಲ. ಮ್ಯಾಲೆ ಹಳಿಯವರ ಕೈ. ಎಷ್ಟು ಬ್ಯಾಡ ಅಂದ್ರೂ ಅವರ ಕೈಯಾಗ ಕಲ್ಲು ಸಪಾಟನ ಕೂಡ್ತದ. ಅಲ್ಲಾಡೋ ಕಲ್ಲು ಹಿಂದ ಯಾಕ ಅಲ್ಲಾಡ್ತಿತ್ತೋ, ಈಗ ಏನು ಮಾಡಿದ್ರೂ ಅಲ್ಲಾಡವಲ್ದು. ದೋಸ್ತ ಅದರ ಮ್ಯಾಲೆ ನಿಂತು ಜಿಗಿದು ನೋಡಿದ. ಯಾರಿಗೂ ನಗು ಬರಲಿಲ್ಲ.

ಸಿಮೆಂಟು ಒಣಗಿದ ಮ್ಯಾಲೆ ಒಂದು ಸಂಜಿ ಅತ್ತಿಯವರನ್ನ ಒಳಗ ಕರಕೊಂಡು ಹೋದ್ವಿ. ನಾದಿನಿ ಅವರ ತೋಳಿಗೆ ತೋಳು ಹಾಕಿ ಮಾತಾಡ್ಕೋತ ನಡದ್ಲು, ಹಿಂಗಾಗಿ ಅವರ ಕಾಲಿಗೆ ಏನೂ ಗೊತ್ತಾಗಲಿಲ್ಲ. ಭಾಳ ಛಲೋ ಆಗ್ಯದ, ಗಾಳಿ ಬರ್ತದ, ಬೆಳಕು ಎಷ್ಟದ ನೋಡು ಅಂತ ಅತ್ತಿಯವರ ಅಂದ್ರು. ದೇವರನ್ನ ಒಳಗ ಕೂಡಿಸಿದ್ವಿ. ಎಲ್ಲಾರೂ ಹೋಳಗಿ ಉಂಡು ತಮ್ಮ ತಮ್ಮ ಮನಿಗೆ ಹೋದ್ರು. ಹೋಗೋ ಮುಂದ ದೋಸ್ತ ಅತ್ತಿಯವರ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಹೊತ್ತು ಬ್ಯಾರೆ ಇದ್ರ ಅದಕ್ಕೊಂದು ಮಾತು ಅಂತಿದ್ರು, ಅವತ್ತ ಏನೂ ಅನ್ನಲಿಲ್ಲ.

ಮರುದಿನ ಮುಂಜಾನೆ ನಾ ಸ್ನಾನಕ್ಕ ಮೊದಲು ಚಹಾಕ್ಕ ಇಟ್ಟಿದ್ದೆ. ಬಚ್ಚಲದ ಬಾಗಲ ತಗದ ಸಪ್ಪಳ ಆತು. ಆಮ್ಯಾಲೆ ಏನೂ ಇಲ್ಲ. ಹೊರಳಿ ನೋಡಿದೆ. ಅತ್ತಿಯವರು ಮಡಿ ಸೀರಿ ಉಟ್ಟು ಹೊಸ್ತಲದಾಗ ನಿಂತಿದ್ರು, ಕೂದಲದಿಂದ ನೀರು ಇಳೀತಿತ್ತು. ಒಂದು ಕಾಲು ಮುಂದ ಇಟ್ರು. ಬೆರಳಿಂದ ಕಲ್ಲು ಸವರಿದ್ರು. ಆ ಕಡೆ ಸವರಿದ್ರು, ಈ ಕಡೆ ಸವರಿದ್ರು. ಕಾಲು ಹಿಂದ ತಗೊಂಡ್ರು. ಕೈ ಚಾಚಿದ್ರು, ಗ್ವಾಡಿ ಇದ್ದ ಜಾಗದಾಗ ಬರೇ ಗಾಳಿ. ನಮ್ಮ ಮನಿಯವರು ಮುಂದಿನ ಖೋಲಿಯಿಂದ ಎದ್ದು ಬಂದವರು ಅಡಗಿಮನಿ ಅಂಚಿಗೆ ನಿಂತುಬಿಟ್ರು. ಅವರದೂ ಸ್ನಾನ ಆಗಿರಲಿಲ್ಲ, ಮುಟ್ಟೂ ಹಂಗಿಲ್ಲ. ಅವರ ಕಣ್ಣಾಗ ನೀರು ತುಂಬಿತ್ತು.

"ಅಲ್ಲೆ ಒಲಿ ಹತ್ರ ನೀನ ಇದ್ದೀಯಲಾ," ಅತ್ತಿಯವರು ಅಂದ್ರು. "ಬಾ. ಕೈ ಕೊಡು."

"ಅತ್ಯಾ, ನಂದಿನ್ನೂ ಸ್ನಾನ ಆಗಿಲ್ರಿ."

"ಗೊತ್ತದ. ದೇವರಿಗೆ ನಾ ಹೇಳ್ಕೋತೀನಿ. ನನಗ ಕಾಣಸೂದಿಲ್ಲವಾ. ಕೈ ಕೊಡು."

ಕೊಟ್ಟೆ. ಅವರ ಕೈ ತಣ್ಣಗಿತ್ತು, ಹಸಿ ಇತ್ತು, ನಾ ಅಂದ್ಕೊಂಡದ್ದಕ್ಕಿಂತ ಸಣ್ಣದಿತ್ತು. ಅಷ್ಟು ವರ್ಷದಾಗ ಅವರು ನನ್ನ ಕೈ ಹಿಡದದ್ದು ಅದೇ ಮೊದಲು. ದೇವರ ಮನಿತನಕ ಕರಕೊಂಡು ಹೋದೆ. ಅವರು ಮಣಿ ಮ್ಯಾಲೆ ಕೂತು ಗಂಟಿ ಬಾರಿಸಿದ್ರು, ನಾ ಹೊರಗ ಬಂದು ಉಕ್ಕಿ ಹೋದ ಚಹಾ ಒರಸಿದೆ.

ಮರುದಿನದಿಂದ ನಾ ಅವರಿಗಿಂತ ಮೊದಲು ಎದ್ದು, ಸ್ನಾನ ಮಾಡಿ, ಮಡಿ ಉಟ್ಟು ಬಚ್ಚಲದ ಬಾಗಲ ಹೊರಗ ನಿಲ್ಲಲಿಕ್ಕೆ ಹತ್ತಿದೆ. ಮಡಿ ಅಂದ್ರ ಮೂಗು ಮುರಿಯಾಕಿ ನಾ. ಅವರು ಹೊರಗ ಬರೋರು, ಕೈ ಚಾಚೋರು. ಮೊದಮೊದಲು ಸುಮ್ನ ನಡೀತಿದ್ವಿ. ಆಮ್ಯಾಲೆ ಆ ನಾಕು ಹೆಜ್ಜಿಯೊಳಗ ಅವರು ಮಾತಾಡಲಿಕ್ಕೆ ಶುರು ಮಾಡಿದ್ರು. ಮದಿವಿಯಾಗಿ ಹೊಸದಾಗಿ ಈ ಊರಿಗೆ ಬಂದಾಗ ತೆಲುಗು ಬರಲಾರದ ಅತ್ತದ್ದು, ಒಂದು ಕೂಸು ಹುಟ್ಟಿ ಹೋದದ್ದು, ಮಾವನವರು ಸಿಟ್ಟು ಬಂದ್ರ ಊಟ ಬಿಡ್ತಿದ್ದದ್ದು. ಪೂಜಿ ಆದ ಮ್ಯಾಲೆ ಕೇಳಿದ್ರ ಒಂದೂ ಹೇಳ್ತಿದ್ದಿಲ್ಲ, ಮತ್ತ ಅದೇ ಹಸಿಮೆಣಸಿನಕಾಯಿ. ಆ ಮಾತಿಗೆ ಆ ದಾರಿನ ಬೇಕಾಗಿತ್ತು. ನಾ ಹಿಂದಿನ ದಿನಾನ ನಾಳೆ ಏನು ಹೇಳ್ತಾರೋ ಅಂತ ಕಾಯ್ತಿದ್ದೆ.

ಈಗ ಅತ್ತಿಯವರು ಇಲ್ಲ. ಹಾಸಿಗಿ ಹಿಡದು ಭಾಳ ದಿನ ನರಳಲಿಲ್ಲ, ಪುಣ್ಯವಂತೆ ಅಂತ ಮಂದಿ ಅಂದ್ರು. ನನಗ ಆ ಪುಣ್ಯದ ಮಾತು ಬ್ಯಾಡ. ನನಗ ಆ ತಣ್ಣನ ಕೈ ಬೇಕು. ನಸುಕಿನ್ಯಾಗ ಈಗೂ ನನಗ ತಾನ ಎಚ್ಚರ ಆಗ್ತದ, ಬಲಗೈ ಸುಮ್ನ ಮಡಚಿಕೊಂಡಿರ್ತದ. ನಮ್ಮ ಮನಿಯವರಿಗೆ ಇನ್ನೂ ಆ ನಂಬರಿನ ಕೊರಗು ಅದ. ಬರೋಬ್ಬರಿ ಹಾಕಿದ್ರ ಅವ್ವ ಕಡೀತನಕ ತನ್ನಷ್ಟಕ್ಕ ತಾನ ನಡೀತಿದ್ಲು ಅಂತಾರ. ಅವರಿಗೆ ಹೇಳದ ಒಂದು ಸಂಗತಿ ನನ್ನ ಹತ್ರ ಅದ.

ನೆಲ ಹಾಕಿ ಒಂದು ವರ್ಷದ ಮ್ಯಾಲಾಗಿತ್ತು. ಒಂದಿನ ಮುಂಜಾನೆ ನಾ ಸ್ನಾನ ಮಾಡಿ, ಅತ್ತಿಯವರ ಸ್ನಾನ ಮುಗಿಯೂದ್ರೊಳಗ ಪೂಜಿಗೆ ಹೂ ಹರಕೊಂಡು ಬರೂಣು ಅಂತ ಮಾಳಿಗಿ ಮ್ಯಾಲೆ ಹೋದೆ. ಇಳದು ಬರೋ ಮುಂದ ಹೊರಗಿನ ಮೆಟ್ಟಲದ ಮ್ಯಾಲಿಂದ ಅಡಗಿಮನಿ ಕಿಡಕಿ ಕಾಣ್ತದ. ಅತ್ತಿಯವರು ಬಚ್ಚಲದಿಂದ ಹೊರಗ ಬಂದ್ರು. ಕಾಲು ಸವರಲಿಲ್ಲ, ಕೈ ಚಾಚಲಿಲ್ಲ. ಸರಸರ ನಡದು ದೇವರ ಮನಿಗೆ ಹೋಗಿ, ಕೈಯಾಗಿನ ನೀರಿನ ತಂಬಿಗಿ ಮಣಿ ಬಾಜೂಕ ಇಟ್ರು. ದೀಪದ ಬತ್ತಿ ಮುಟ್ಟಿ ನೋಡಿ ಸರಿ ಮಾಡಿದ್ರು. ಆ ಹೊಸ ನೆಲ ಅವರ ಕಾಲಿಗೆ ಯಾವಾಗೋ ಪಾಠ ಆಗಿಬಿಟ್ಟಿತ್ತು. ನಾ ಹೂವಿನ ಬುಟ್ಟಿ ಹಿಡಕೊಂಡು ಅಲ್ಲೇ ನಿಂತೆ. ಅವರು ಹೊರಳಿದ್ರು. ಹೋದಂಗ ಸೀದಾ ತಿರುಗಿ ಬಂದು, ಬಚ್ಚಲದ ಹೊಸ್ತಲದಾಗ ನಿಂತು, ಸೆರಗು ಹೊದ್ದುಕೊಂಡು, ಕೈ ಮುಂದ ಮಾಡಿದ್ರು.

"ಎಲ್ಲಿದ್ದೀಯವಾ?" ಅಂತ ಕೂಗಿದ್ರು. "ಬಾ, ಕೈ ಹಿಡಿ."

ಬಂದೆನ್ರಿ ಅತ್ಯಾ ಅಂತ ಇಳದು ಹೋಗಿ ಕೈ ಹಿಡಕೊಂಡೆ. ನಿಧಾನ ನಡಿ, ನನಗೇನು ನಿನ್ನಂಗ ಕಾಣಸ್ತದೇನು ಅಂದ್ರು. ಹೌದ್ರಿ ಅಂದೆ. ಅವತ್ತಿನಿಂದ ನಾ ಇನ್ನೂ ನಿಧಾನ ನಡೀಲಿಕ್ಕೆ ಹತ್ತಿದೆ.